ಉದ್ರಿ ಪುಸ್ತಕ ಕಾಯ್ದ ಬ್ರ್ಯಾಕೆಟ್

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಪಿಸಿಎಂಸಿ ವಿಭಾಗ

ತರ್ಕದ್ವಾರಗಳ ಪಾಠ ಓದಿದ ಎಲ್ಲರಿಗೂ ಗೊತ್ತು: 1 ಎಂದರೆ ನಿಜ, 0 ಎಂದರೆ ಸುಳ್ಳು. ಸತ್ಯ ಕೋಷ್ಟಕ ಬರೆದು ಬರೆದು ಅದು ನಮ್ಮ ಕೈಗೇ ಅಂಟಿಕೊಂಡಿದೆ. ಆದರೆ ಗಣಕಯಂತ್ರದೊಳಗೆ ಈ ಮಾತು ತಲೆಕೆಳಗಾಗುವ ಒಂದು ಜಾಗವಿದೆ. ಯುನಿಕ್ಸ್ ಮತ್ತು ಲಿನಕ್ಸ್‌ನ ಶೆಲ್‌ನಲ್ಲಿ 0 ಎಂದರೆ ನಿಜ, 1 ಎಂದರೆ ಸುಳ್ಳು. ನನ್ನ ಗೆಳತಿಯರಿಗೆ ಇದನ್ನು ಹೇಳಿದಾಗ ‘ಎಲ್ಲೋ ಅಚ್ಚಿನ ತಪ್ಪಿರಬೇಕು’ ಎಂದು ನಕ್ಕರು. ತಪ್ಪಲ್ಲ, ಅದಕ್ಕೊಂದು ಕಾರಣವಿದೆ.

ನಾವು ಟೈಪ್ ಮಾಡಿದ ಆದೇಶವನ್ನು ಓದಿ ಯಂತ್ರದಿಂದ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಟರ್ಮಿನಲ್ ತೆರೆದಾಗ ಕಪ್ಪು ಪರದೆಯಲ್ಲಿ ನಮ್ಮ ಮಾತಿಗಾಗಿ ಕಾಯುತ್ತಿರುವುದು ಅದೇ. ಅಲ್ಲಿ ಪ್ರತಿಯೊಂದು ಆದೇಶವೂ ತನ್ನ ಕೆಲಸ ಮುಗಿಸಿ ಹೊರಡುವಾಗ ಒಂದು ಸಂಖ್ಯೆಯನ್ನು ಬಿಟ್ಟುಹೋಗುತ್ತದೆ. ಕೆಲಸ ಸರಿಯಾಗಿ ಆಗಿದ್ದರೆ 0. ಆಗದಿದ್ದರೆ 1ರಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆ. ತರಗತಿಗೆ ಬಂದವರನ್ನು ‘ಯಾಕೆ ಬಂದೆ’ ಎಂದು ಯಾರೂ ಕೇಳುವುದಿಲ್ಲ. ಬಾರದವರು ಮಾತ್ರ ಜ್ವರವೋ, ಮದುವೆಯೋ, ಬಸ್ ತಪ್ಪಿತೋ ಎಂದು ರಜಾ ಅರ್ಜಿ ಬರೆದು ತರಬೇಕು. ಶೆಲ್‌ನ ಲೆಕ್ಕವೂ ಹಾಗೆಯೇ. ಯಶಸ್ಸಿಗೆ ಕಾರಣ ಬೇಕಿಲ್ಲ, ಅದಕ್ಕೆ ಒಂದೇ ಸಂಖ್ಯೆ ಸಾಕು. ಸೋಲಿಗೆ ಹಲವು ಕಾರಣಗಳಿರುತ್ತವೆ, ಆದ್ದರಿಂದ ಹಲವು ಸಂಖ್ಯೆಗಳು.

ಪಠ್ಯಪುಸ್ತಕಕ್ಕೆ ಹೊರಗಿನ ಈ ವಿಷಯಕ್ಕೆ ನಾನು ಕೈಹಾಕಿದ್ದು ಪರೀಕ್ಷೆಗಾಗಿ ಅಲ್ಲ, ನಮ್ಮ ಉಪ್ಪನ ಅಂಗಡಿಗಾಗಿ.

ನಮ್ಮದು ಬಸ್ ನಿಲ್ದಾಣದ ಹತ್ತಿರದ ಒಂದು ಸಣ್ಣ ದಿನಸಿ ಅಂಗಡಿ. ಬರುವವರಲ್ಲಿ ಮೀನು ಮಾರುವವರು, ರಿಕ್ಷಾ ಓಡಿಸುವವರು, ಬೀಡಿ ಕಟ್ಟುವ ಮನೆಯವರು ಹೆಚ್ಚು. ಬೀಡಿಯ ಮಜೂರಿ ವಾರಕ್ಕೊಮ್ಮೆ ಕೈಗೆ ಬರುತ್ತದೆ. ಅಕ್ಕಿ, ಸಕ್ಕರೆ, ಎಣ್ಣೆ ಮಾತ್ರ ದಿನವೂ ಬೇಕು. ಹಾಗಾಗಿ ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಉದ್ರಿಯಲ್ಲಿಯೇ ನಡೆಯುತ್ತದೆ. ಉಪ್ಪ ಅದನ್ನು ಒಂದು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಒಂದು ಮಳೆಗಾಲದಲ್ಲಿ ಮಾಡು ಸೋರಿ ಆ ಪುಸ್ತಕದ ಕೆಲವು ಹಾಳೆಗಳ ಶಾಯಿ ಹರಡಿತು. ಆಮೇಲೆ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಸೋದರಮಾವನ ಮಗ ಒಂದು ಹಳೆಯ ಕಂಪ್ಯೂಟರ್ ತಂದು, ಅದಕ್ಕೆ ಲಿನಕ್ಸ್ ಹಾಕಿಕೊಟ್ಟರು. ಸಂಜೆ ಕಾಲೇಜಿನಿಂದ ಬಂದ ಮೇಲೆ ಆ ದಿನದ ಚೀಟಿಗಳನ್ನು ನೋಡಿ ಫೈಲಿನಲ್ಲಿ ಬರೆಯುವ ಕೆಲಸ ನನ್ನದಾಯಿತು. ಒಂದು ವ್ಯವಹಾರಕ್ಕೆ ಒಂದು ಸಾಲು: ದಿನಾಂಕ, ಹೆಸರು, ಮೊತ್ತ.

ಉಪ್ಪನಿಗೆ ಎರಡು ನಿಯಮಗಳಿವೆ. ಮೊದಲನೆಯದು, ಬರೆದದ್ದನ್ನು ಅಳಿಸಬಾರದು. ಯಾರಾದರೂ ಹಣ ಕೊಟ್ಟರೆ ಹಳೆಯ ಸಾಲಿಗೆ ಗೆರೆ ಎಳೆಯುವಂತಿಲ್ಲ, ಕೊಟ್ಟದ್ದನ್ನು ಹೊಸ ಸಾಲಾಗಿ ಬರೆಯಬೇಕು. ಎರಡನೆಯದನ್ನು ಅವರು ಕಂಪ್ಯೂಟರ್ ಬಂದ ದಿನವೇ ನನಗೆ ಹೇಳಿದರು. “ಈ ಪುಸ್ತಕ ನಮ್ಮ ಕೈಯಲ್ಲಿರುವ ಅಮಾನತ್. ನಮಗೆ ಬರಬೇಕಾದದ್ದು ಸ್ವಲ್ಪ ಹೋದರೆ ಹೋಗಲಿ. ಕೊಟ್ಟವರ ಹತ್ತಿರ ಇನ್ನೊಮ್ಮೆ ಕೇಳುವ ಹಾಗೆ ಮಾತ್ರ ಆಗಬಾರದು.”

ಹಳೆಯ ಯಂತ್ರ, ಹಳೆಯ ಹಾರ್ಡ್ ಡಿಸ್ಕ್, ಯುಪಿಎಸ್ ಇಲ್ಲ. ಆದ್ದರಿಂದ ಪ್ರತಿ ರಾತ್ರಿ ಅಂಗಡಿ ಮುಚ್ಚುವ ಮೊದಲು ಆ ಫೈಲಿನ ಒಂದು ನಕಲು ಪೆನ್ ಡ್ರೈವ್‌ಗೆ ಹೋಗಬೇಕಿತ್ತು. ನಾನು ಇಲ್ಲದ ದಿನ ಉಪ್ಪನೇ ಅದನ್ನು ಮಾಡಬೇಕು. ಅವರಿಗೆ ಫೋಲ್ಡರ್ ತೆರೆದು ನಕಲು ಮಾಡುವ ಅಭ್ಯಾಸವಿಲ್ಲ, ಒಂದು ಐಕಾನ್ ಒತ್ತಬಲ್ಲರು, ಅಷ್ಟೇ. ಹೀಗೆ ಆ ಐಕಾನ್‌ನ ಹಿಂದೆ ಕೆಲಸ ಮಾಡುವ ಒಂದು ಶೆಲ್ ಸ್ಕ್ರಿಪ್ಟ್ ಬರೆಯಲು ಕುಳಿತೆ. ಶೆಲ್‌ಗೆ ಒಂದೊಂದಾಗಿ ಹೇಳುವ ಆದೇಶಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಅದೇ ಸ್ಕ್ರಿಪ್ಟ್.

ನಕಲು ಮಾಡುವ ಆದೇಶದ ಹೆಸರು ಸಿಪಿ. ಒಂದೇ ಸಾಲಿನ ಕೆಲಸ. ಆದರೆ ಸಿಪಿಗೆ ಒಂದು ಗುಣವಿದೆ. ಹೋಗಬೇಕಾದ ಜಾಗದಲ್ಲಿ ಅದೇ ಹೆಸರಿನ ಫೈಲ್ ಇದ್ದರೆ, ಸಾಮಾನ್ಯವಾಗಿ ಅದು ಏನನ್ನೂ ಕೇಳದೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತದೆ. ಹೊಸದು ಸರಿಯಿದೆಯೇ, ಹಾಳಾಗಿದೆಯೇ, ಖಾಲಿ ಇದೆಯೇ ಎಂದು ನೋಡುವುದು ಅದರ ಕೆಲಸವಲ್ಲ. ಯುನಿಕ್ಸ್‌ನ ಹೆಚ್ಚಿನ ಆದೇಶಗಳ ಸ್ವಭಾವವೇ ಹೀಗೆ. ‘ನೀವು ಹೇಳಿದಿರಿ, ನಾನು ಮಾಡಿದೆ.’

ಹೀಗೆ ಕೇಳದೆ ಮಾಡಿದರೆ ಏನಾಗಬಹುದು ಎಂಬುದಕ್ಕೆ ಜಗತ್ತಿಗೆಲ್ಲ ಗೊತ್ತಿರುವ ಒಂದು ಘಟನೆಯಿದೆ. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಸೇವೆಯ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಬಹುದು. ಅದರ ಲಿನಕ್ಸ್ ಆವೃತ್ತಿಯಲ್ಲಿ ಒಂದು ಶೆಲ್ ಸ್ಕ್ರಿಪ್ಟ್ ಇತ್ತು. ಆ ಸ್ಕ್ರಿಪ್ಟ್ ತಾನಿರುವ ಫೋಲ್ಡರಿನ ವಿಳಾಸವನ್ನು ಕಂಡುಹಿಡಿದು ಒಂದು ಚರಾಕ್ಷರದಲ್ಲಿ ಇಟ್ಟುಕೊಳ್ಳುತ್ತಿತ್ತು. ಮುಂದೆ ಒಂದು ಕಡೆ, ಆ ವಿಳಾಸಕ್ಕೆ ಒಂದು ಓರೆಗೆರೆ ಸೇರಿಸಿ, ಅದರೊಳಗಿನ ಎಲ್ಲವನ್ನೂ ಅಳಿಸು ಎಂಬ ಆದೇಶವಿತ್ತು. ವಿಳಾಸ ಸಿಕ್ಕಿದರೆ ತೊಂದರೆಯಿಲ್ಲ. ಸಿಗದಿದ್ದರೆ ಚರಾಕ್ಷರ ಖಾಲಿ, ಉಳಿಯುವುದು ಬರೀ ಓರೆಗೆರೆ. ಯುನಿಕ್ಸ್‌ನಲ್ಲಿ ಬರೀ ಓರೆಗೆರೆ ಎಂದರೆ ಎಲ್ಲ ಫೋಲ್ಡರುಗಳಿಗೂ ಬೇರಾದ ಫೋಲ್ಡರ್. 2015ರ ಜನವರಿಯಲ್ಲಿ ಒಬ್ಬ ಬಳಕೆದಾರ ಸ್ಟೀಮ್‌ನ ಫೋಲ್ಡರನ್ನು ಬೇರೆ ಕಡೆಗೆ ಸ್ಥಳಾಂತರಿಸಿ ಪ್ರೋಗ್ರಾಂ ನಡೆಸಿದಾಗ ಆದದ್ದು ಇದೇ. ಅವರಿಗೆ ಸೇರಿದ ಫೈಲುಗಳೆಲ್ಲ ಅಳಿಸಿಹೋದವು. ನಕಲುಗಳನ್ನು ಇಟ್ಟುಕೊಂಡಿದ್ದ ಹೊರಗಿನ ಡಿಸ್ಕ್ ಕೂಡ ಆಗ ಜೋಡಿಸಿಯೇ ಇತ್ತು, ಅದರಲ್ಲಿದ್ದದ್ದೂ ಹೋಯಿತು. ನಂತರ ಆ ಸ್ಕ್ರಿಪ್ಟನ್ನು ಸರಿಪಡಿಸಿದರು.

ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ವಿವರ. ಅಳಿಸುವ ಆ ಸಾಲಿನ ಪಕ್ಕದಲ್ಲಿ, ಬರೆದವರೇ, ‘ಹೆದರಿಕೆಯಾಗುತ್ತದೆ’ ಎಂಬ ಅರ್ಥದ ಒಂದೇ ಒಂದು ಪದವನ್ನು ಟಿಪ್ಪಣಿಯಾಗಿ ಬರೆದಿಟ್ಟಿದ್ದರು. ಅಂದರೆ ಬರೆದವರಿಗೆ ಅನುಮಾನ ಬಂದಿತ್ತು. ಆದರೆ ಟಿಪ್ಪಣಿಯನ್ನು ಓದುವುದು ಮನುಷ್ಯರು ಮಾತ್ರ, ಶೆಲ್ ಅದನ್ನು ಹಾರಿಸಿ ಮುಂದೆ ಹೋಗುತ್ತದೆ. ಯಂತ್ರಕ್ಕೆ ತಾನಾಗಿ ಅನುಮಾನ ಬರುವುದಿಲ್ಲ. ನಮ್ಮ ಅನುಮಾನವನ್ನು ಅದಕ್ಕೆ ಅರ್ಥವಾಗುವ ಭಾಷೆಯಲ್ಲಿ ಪ್ರಶ್ನೆಯಾಗಿ ಬರೆದುಕೊಡಬೇಕು. ‘ಈ ವಿಳಾಸ ಖಾಲಿಯೇ?’ ಎಂಬ ಒಂದು ಪ್ರಶ್ನೆ ಅಲ್ಲಿದ್ದಿದ್ದರೆ ಸಾಕಿತ್ತು.

ಶೆಲ್‌ನಲ್ಲಿ ಪ್ರಶ್ನೆ ಕೇಳುವ ಆದೇಶದ ಹೆಸರು ಟೆಸ್ಟ್. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಆರಂಭಿಸಿದರು. 1979ರಲ್ಲಿ ಬಂದ ಯುನಿಕ್ಸ್‌ನ ಏಳನೇ ಆವೃತ್ತಿಯಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ ಇತ್ತು. ಇಂದು ನಾವು ಬಳಸುವ ಬ್ಯಾಷ್ ಅದೇ ಪರಂಪರೆಯದು, ಹೆಸರಿನಲ್ಲಿಯೇ ಬೋರ್ನ್ ಇದ್ದಾರೆ. ಬೋರ್ನ್ ಅದಕ್ಕೂ ಮೊದಲು ಆಲ್ಗಾಲ್ 68 ಎಂಬ ಭಾಷೆಯ ಮೇಲೆ ಕೆಲಸ ಮಾಡಿದ್ದರು. ಹಾಗಾಗಿ ಇಫ್ ಎಂದು ಶುರುವಾದದ್ದು ಅದರ ಅಕ್ಷರಗಳನ್ನೇ ತಿರುಗಿಸಿದ ಫಿ ಎಂಬಲ್ಲಿ ಮುಗಿಯುತ್ತದೆ. ಕೇಸ್ ಎಂಬುದು ಎಸಾಕ್ ಎಂಬಲ್ಲಿ ಮುಗಿಯುತ್ತದೆ. ಡೂ ಮಾತ್ರ ಓಡಿ ಎಂದು ಮುಗಿಯಲಿಲ್ಲ. ಆ ಹೆಸರಿನ ಇನ್ನೊಂದು ಆದೇಶ ಯುನಿಕ್ಸ್‌ನಲ್ಲಿ ಮೊದಲೇ ಇತ್ತು, ಆದ್ದರಿಂದ ಅಲ್ಲಿ ಡನ್ ಬಂತು.

ಟೆಸ್ಟ್‌ಗೆ ಇನ್ನೊಂದು ಹೆಸರೂ ಇದೆ, ಅದು ಒಂದು ಚಿಹ್ನೆ: [ . ಹೌದು, ಸ್ಕ್ವೇರ್ ಬ್ರ್ಯಾಕೆಟ್‌ನ ಎಡಭಾಗವೇ ಒಂದು ಆದೇಶದ ಹೆಸರು. ಲಿನಕ್ಸ್‌ನಲ್ಲಿ ಆದೇಶಗಳಿರುವ ಫೋಲ್ಡರನ್ನು ತೆರೆದು ನೋಡಿದರೆ ಆ ಹೆಸರಿನ ಒಂದು ಫೈಲೇ ಸಿಗುತ್ತದೆ. ಬಲಗಡೆಯ ] ಎಂಬುದು ಪ್ರಶ್ನೆ ಇಲ್ಲಿಗೆ ಮುಗಿಯಿತು ಎಂದು ಹೇಳುವ ಗುರುತು. ಇದು ತಿಳಿದ ಮೇಲೆ, ಎಡ ಬ್ರ್ಯಾಕೆಟ್ ಆದ ಮೇಲೆ ಜಾಗ ಬಿಡಲೇಬೇಕು ಎಂಬ ನಿಯಮ ತಾನಾಗಿ ಅರ್ಥವಾಗುತ್ತದೆ. ಯಾವುದೇ ಆದೇಶದ ಹೆಸರಿಗೆ ಮುಂದಿನ ಪದವನ್ನು ಅಂಟಿಸಿ ಬರೆದರೆ ಅದು ಬೇರೆಯೇ ಹೆಸರಾಗುತ್ತದೆ, ಶೆಲ್ ‘ಅಂಥ ಆದೇಶವಿಲ್ಲ’ ಎನ್ನುತ್ತದೆ. ಬ್ರ್ಯಾಕೆಟ್‌ಗೂ ಅದೇ ನ್ಯಾಯ.

ಪ್ರಶ್ನೆಗಳನ್ನು ಅಡ್ಡಗೆರೆ ಮತ್ತು ಒಂದೆರಡು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಾರೆ. ಅವೇ ಟೆಸ್ಟ್ ಆಪರೇಟರ್‌ಗಳು. ಈ ಲೇಖನದಲ್ಲಿ ಅವನ್ನು ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿರಿ. ಇಡೀ ಪಟ್ಟಿಯನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ. ನನ್ನ ಸ್ಕ್ರಿಪ್ಟ್‌ಗೆ ಬೇಕಾದದ್ದು ಮೂರೇ ಪ್ರಶ್ನೆಗಳು, ಮೂರೂ ಅಂಗಡಿಯಿಂದಲೇ ಬಂದವು.

ಮೊದಲ ಪ್ರಶ್ನೆ: ಪೆನ್ ಡ್ರೈವ್ ನಿಜವಾಗಿಯೂ ಇದೆಯೇ? -ಡಿ ಎಂಬುದು ‘ಈ ಹೆಸರಿನ ಫೋಲ್ಡರ್ ಇದೆಯೇ’ ಎಂದು ಕೇಳುತ್ತದೆ. ಆದರೆ ಪೆನ್ ಡ್ರೈವ್ ಚುಚ್ಚದಿದ್ದರೂ ಅದೇ ಹೆಸರಿನ ಒಂದು ಖಾಲಿ ಫೋಲ್ಡರ್ ಯಂತ್ರದಲ್ಲಿ ಇರಲು ಸಾಧ್ಯ. ಆಗ ನಕಲು ಅದೇ ಹಳೆಯ ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ, ನಾವು ಮಾತ್ರ ಪೆನ್ ಡ್ರೈವ್‌ನಲ್ಲಿದೆ ಎಂದುಕೊಂಡು ನೆಮ್ಮದಿಯಾಗಿ ಮಲಗುತ್ತೇವೆ. ಅದಕ್ಕಾಗಿ ಪೆನ್ ಡ್ರೈವ್‌ನೊಳಗೆ ‘ಗುರುತು’ ಎಂಬ ಅರ್ಥದ ಹೆಸರಿನ ಒಂದು ಪುಟ್ಟ ಫೈಲ್ ಹಾಕಿಟ್ಟೆ. -ಎಫ್ ಎಂಬುದು ‘ಇದು ಸಾಮಾನ್ಯ ಫೈಲಾಗಿ ಇದೆಯೇ’ ಎಂದು ಕೇಳುತ್ತದೆ. ಗುರುತಿನ ಫೈಲ್ ಕಂಡರೆ ಡ್ರೈವ್ ಇದೆ ಎಂದರ್ಥ, ಏಕೆಂದರೆ ಆ ಫೈಲ್ ಬೇರೆಲ್ಲೂ ಇಲ್ಲ.

ಎರಡನೆಯ ಪ್ರಶ್ನೆ: ನಕಲು ಮಾಡಬೇಕಾದ ಪುಸ್ತಕದಲ್ಲಿ ಏನಾದರೂ ಇದೆಯೇ? ಇದಕ್ಕೆ -ಎಸ್. ಫೈಲ್ ಇದ್ದು, ಅದರ ಗಾತ್ರ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಇದು ಹೌದು ಎನ್ನುತ್ತದೆ. ಅದರ ಸಾಲು ಹೀಗಿರುತ್ತದೆ:

ಇಫ್ [ -ಎಸ್ "$ಪುಸ್ತಕ" ]

ಮೂರನೆಯದು: ಇವತ್ತಿನ ಪುಸ್ತಕದಲ್ಲಿ ನಿನ್ನೆಯ ನಕಲಿಗಿಂತ ಕಡಿಮೆ ಸಾಲುಗಳಿವೆಯೇ? ಉಪ್ಪನ ಮೊದಲ ನಿಯಮ ಇಲ್ಲಿ ಕೆಲಸಕ್ಕೆ ಬಂತು. ಬರೆದದ್ದನ್ನು ಅಳಿಸುವುದಿಲ್ಲ ಎಂದಮೇಲೆ ಸಾಲುಗಳು ಹೆಚ್ಚಬಹುದು ಅಥವಾ ಅಷ್ಟೇ ಇರಬಹುದು, ಕಡಿಮೆಯಾಗುವಂತಿಲ್ಲ. ಸಾಲುಗಳನ್ನು ಎಣಿಸುವ ಆದೇಶ ಬೇರೆ ಇದೆ. ಎಣಿಸಿದ ಎರಡು ಸಂಖ್ಯೆಗಳನ್ನು -ಜಿಇ ಎಂಬ ಆಪರೇಟರ್‌ನಿಂದ ಹೋಲಿಸಿದೆ. ‘ಎಡಗಡೆಯದು ಬಲಗಡೆಯದಕ್ಕೆ ಸಮವೋ ಅದಕ್ಕಿಂತ ಹೆಚ್ಚೋ’ ಎಂಬುದು ಅದರ ಪ್ರಶ್ನೆ. ಇದೇ ಸಾಲಿನಲ್ಲಿ -ಇಕ್ಯೂ ಎಂದರೆ ಸಮ, -ಎನ್‌ಇ ಎಂದರೆ ಸಮವಲ್ಲ, -ಜಿಟಿ ಎಂದರೆ ಹೆಚ್ಚು, -ಎಲ್‌ಟಿ ಎಂದರೆ ಕಡಿಮೆ, -ಎಲ್‌ಇ ಎಂದರೆ ಕಡಿಮೆ ಅಥವಾ ಸಮ. ಮೊದಲ ದಿನ ಹಳೆಯ ನಕಲೇ ಇರುವುದಿಲ್ಲವಾದ್ದರಿಂದ, ನಕಲು ಇದ್ದರೆ ಮಾತ್ರ ಈ ಪ್ರಶ್ನೆ ಕೇಳು ಎಂದು -ಎಫ್ ಅನ್ನು ಇನ್ನೊಮ್ಮೆ ಬಳಸಿದೆ.

ಹೋಲಿಕೆಯ ಚಿಹ್ನೆಗಳು ನಮಗೆ ಗೊತ್ತಿರುವಾಗ ಈ ಅಕ್ಷರಗಳು ಯಾಕೆ ಎಂದು ಕೇಳಬಹುದು. ಅದಕ್ಕೆ ಉತ್ತರ ಒಂದು ಸಣ್ಣ ಪ್ರಯೋಗದಲ್ಲಿದೆ. ಟರ್ಮಿನಲ್‌ನಲ್ಲಿ ಹೀಗೆ ಬರೆಯಿರಿ:

[ 9 > 10 ]

9 ಎಂಬುದು 10ಕ್ಕಿಂತ ದೊಡ್ಡದೇ ಎಂದು ನಾವು ಕೇಳಿದೆವು ಎಂದುಕೊಳ್ಳುತ್ತೇವೆ. ಶೆಲ್ ‘ನಿಜ’ ಎನ್ನುತ್ತದೆ! ಕಾರಣ, ಶೆಲ್‌ನಲ್ಲಿ > ಎಂಬುದು ‘ಇದರ ಫಲಿತಾಂಶವನ್ನು ಆ ಹೆಸರಿನ ಫೈಲಿಗೆ ಕಳುಹಿಸು’ ಎಂಬ ಚಿಹ್ನೆ. ಫೋಲ್ಡರ್ ನೋಡಿದರೆ 10 ಎಂಬ ಹೆಸರಿನ ಖಾಲಿ ಫೈಲೊಂದು ಹುಟ್ಟಿರುತ್ತದೆ. ಬ್ರ್ಯಾಕೆಟ್‌ನೊಳಗೆ ಉಳಿದದ್ದು 9 ಮಾತ್ರ. ಬರೀ ಒಂದು ಪದ ಉಳಿದರೆ ಟೆಸ್ಟ್ ಕೇಳುವುದು ‘ಇದು ಖಾಲಿಯೇ, ಅಲ್ಲವೇ’ ಎಂದಷ್ಟೇ. 9 ಖಾಲಿಯಲ್ಲ, ಆದ್ದರಿಂದ ನಿಜ.

ಸಮ ಚಿಹ್ನೆಯೂ ಹಾಗೆಯೇ. ಶೆಲ್‌ಗೆ ಎಲ್ಲವೂ ಮೂಲತಃ ಅಕ್ಷರಗಳ ಸಾಲು. = ಎಂಬುದು ಎರಡು ಪದಗಳು ಅಕ್ಷರಕ್ಕೆ ಅಕ್ಷರ ಒಂದೇ ಆಗಿವೆಯೇ ಎಂದು ನೋಡುತ್ತದೆ. [ 50 = 050 ] ಎಂದರೆ ಸುಳ್ಳು. ಅದೇ ಜಾಗದಲ್ಲಿ -ಇಕ್ಯೂ ಹಾಕಿದರೆ ನಿಜ, ಏಕೆಂದರೆ ಅದು ಎರಡನ್ನೂ ಸಂಖ್ಯೆಗಳಾಗಿ ನೋಡುತ್ತದೆ. ಐವತ್ತು ರೂಪಾಯಿ ಐವತ್ತು ರೂಪಾಯಿಯೇ, ಮುಂದೆ ಸೊನ್ನೆ ಬರೆದರೂ ಬರೆಯದಿದ್ದರೂ. ಹೆಸರುಗಳಿಗೆ ಚಿಹ್ನೆ, ಸಂಖ್ಯೆಗಳಿಗೆ ಅಕ್ಷರ ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಬಲೆ ಇದಕ್ಕಿಂತ ಸೂಕ್ಷ್ಮವಾದದ್ದು. -ಎನ್ ಎಂಬುದು ‘ಈ ಚರಾಕ್ಷರದಲ್ಲಿ ಏನಾದರೂ ಇದೆಯೇ’ ಎಂದು ಕೇಳುತ್ತದೆ, -ಝಡ್ ಎಂಬುದು ‘ಇದು ಖಾಲಿಯೇ’ ಎಂದು. ಚರಾಕ್ಷರದ ಸುತ್ತ ಉದ್ಧರಣ ಚಿಹ್ನೆ ಹಾಕದೆ -ಎನ್ ಬಳಸಿದೆವು ಎಂದಿಟ್ಟುಕೊಳ್ಳಿ. ಚರಾಕ್ಷರ ಖಾಲಿ ಇದ್ದರೆ ಶೆಲ್ ಅದನ್ನು ಸಾಲಿನಿಂದಲೇ ತೆಗೆದುಬಿಡುತ್ತದೆ. ಬ್ರ್ಯಾಕೆಟ್‌ನೊಳಗೆ -ಎನ್ ಎಂಬ ಒಂದೇ ಪದ ಉಳಿಯುತ್ತದೆ. ಆ ಪದ ಖಾಲಿಯಲ್ಲವಲ್ಲ! ಉತ್ತರ ‘ನಿಜ’. ‘ಏನಾದರೂ ಇದೆಯೇ’ ಎಂದು ಕೇಳಿದಾಗ, ಏನೂ ಇಲ್ಲದಿದ್ದರೂ ‘ಇದೆ’ ಎಂಬ ಉತ್ತರ ಬರುತ್ತದೆ. ಪ್ರಶ್ನೆಯೇ ತಾನು ಇದ್ದೇನೆ ಎಂದು ಉತ್ತರ ಹೇಳಿದ ಹಾಗೆ. ಚರಾಕ್ಷರದ ಎರಡೂ ಬದಿಗೆ ಉದ್ಧರಣ ಚಿಹ್ನೆ ಇದ್ದರೆ, ಖಾಲಿ ಇದ್ದರೂ ‘ಇಲ್ಲೊಂದು ಖಾಲಿ ಜಾಗವಿದೆ’ ಎಂದು ಶೆಲ್‌ಗೆ ತಿಳಿಯುತ್ತದೆ. ಚೀಲದಲ್ಲಿ ಅಕ್ಕಿ ಇಲ್ಲದಿರುವುದು ಬೇರೆ, ಚೀಲವೇ ಇಲ್ಲದಿರುವುದು ಬೇರೆ. ಉದ್ಧರಣ ಚಿಹ್ನೆ ಆ ಚೀಲ.

ಟೆಸ್ಟ್ ಕೊಡುವ ಉತ್ತರಗಳು ಎರಡೇ ಎಂದು ನಾವು ಭಾವಿಸುತ್ತೇವೆ, ಆದರೆ ಮೂರನೆಯದೂ ಇದೆ. 0 ಎಂದರೆ ಹೌದು. 1 ಎಂದರೆ ಅಲ್ಲ. 1ಕ್ಕಿಂತ ಹೆಚ್ಚಿನ ಸಂಖ್ಯೆ, ಸಾಮಾನ್ಯವಾಗಿ 2, ಎಂದರೆ ‘ನಿಮ್ಮ ಪ್ರಶ್ನೆಯೇ ನನಗೆ ತಿಳಿಯಲಿಲ್ಲ’. ಸಂಖ್ಯೆ ಇರಬೇಕಾದಲ್ಲಿ ಹೆಸರು ಬಂದರೆ ಹೀಗಾಗುತ್ತದೆ. ಆದರೆ ಇಫ್‌ಗೆ ಈ ವ್ಯತ್ಯಾಸ ಬೇಕಿಲ್ಲ. 0 ಬಂದರೆ ಒಂದು ದಾರಿ, ಬೇರೆ ಏನೇ ಬಂದರೂ ಇನ್ನೊಂದು ದಾರಿ. ‘ಅಲ್ಲ’ ಎಂಬುದೂ ‘ತಿಳಿಯಲಿಲ್ಲ’ ಎಂಬುದೂ ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತವೆ. ಆದ್ದರಿಂದ ಹಾನಿಯಾಗಬಹುದಾದ ಕೆಲಸವನ್ನು ಯಾವಾಗಲೂ ‘ಹೌದು’ ಎಂಬ ಬಾಗಿಲಿನ ಒಳಗಡೆ ಇಡಬೇಕು ಎಂದು ನಾನು ತೀರ್ಮಾನಿಸಿದೆ. ‘ಪುಸ್ತಕ ಕೆಟ್ಟಿದ್ದರೆ ನಿಲ್ಲು, ಇಲ್ಲದಿದ್ದರೆ ನಕಲು ಮಾಡು’ ಎಂದು ಬರೆದರೆ, ಪ್ರಶ್ನೆ ಅರ್ಥವಾಗದ ದಿನವೂ ನಕಲು ನಡೆದುಬಿಡುತ್ತದೆ. ‘ಪುಸ್ತಕ ಸರಿಯಿದ್ದರೆ ಮಾತ್ರ ನಕಲು ಮಾಡು, ಇಲ್ಲದಿದ್ದರೆ ನಿಲ್ಲು’ ಎಂದು ಬರೆದರೆ, ಗೊಂದಲವಾದ ದಿನ ಏನೂ ಆಗುವುದಿಲ್ಲ. ಕಾಗದದ ಮೇಲೆ ಎರಡೂ ಒಂದೇ ಮಾತಿನಂತೆ ಕಾಣುತ್ತವೆ.

ಈ ಸ್ಕ್ರಿಪ್ಟ್ ನಾಲ್ಕು ತಿಂಗಳು ಸುಮ್ಮನೆ ಕೆಲಸ ಮಾಡಿತು. ಉಪ್ಪ ದಿನವೂ ಐಕಾನ್ ಒತ್ತುತ್ತಿದ್ದರು, ‘ನಕಲು ಆಯಿತು’ ಎಂದು ಪರದೆಯಲ್ಲಿ ಬರುತ್ತಿತ್ತು. ಬ್ರ್ಯಾಕೆಟ್‌ಗಳು ಅಲ್ಲಿವೆ ಎಂಬುದೇ ಯಾರಿಗೂ ನೆನಪಿರಲಿಲ್ಲ.

ಜುಲೈ ತಿಂಗಳ ಒಂದು ಸಂಜೆ ಮಳೆ ಗಾಳಿ ಜೋರಾಗಿತ್ತು. ಆ ದಿನದ ಲೆಕ್ಕ ಬರೆದು ಫೈಲನ್ನು ಸೇವ್ ಮಾಡುವ ಹೊತ್ತಿಗೇ ಕರೆಂಟ್ ಹೋಯಿತು. ಒಂದು ಗಂಟೆಯ ನಂತರ ಬಂತು. ನಾನು ಆಗ ಮನೆಗೆ ಹೋಗಿದ್ದೆ. ಅಂಗಡಿ ಮುಚ್ಚುವ ಮೊದಲು ಉಪ್ಪ ಎಂದಿನಂತೆ ಯಂತ್ರ ಹಾಕಿ ಐಕಾನ್ ಒತ್ತಿದರು. ಎಂದೂ ಬಾರದ ಒಂದು ಮಾತು ಪರದೆಯಲ್ಲಿ ಬಂತು: ‘ಪುಸ್ತಕ ಖಾಲಿ ಇದೆ. ನಕಲು ಮಾಡಿಲ್ಲ.’ ಅವರು ಇನ್ನೊಮ್ಮೆ ಒತ್ತಿದರು. ಮತ್ತೆ ಅದೇ ಮಾತು. ಮೂರನೆಯ ಸಲ ಒತ್ತದೆ ನನಗೆ ಫೋನ್ ಮಾಡಿದರು.

ಹೋಗಿ ನೋಡಿದಾಗ ಫೈಲಿನ ಹೆಸರು ಇತ್ತು, ಗಾತ್ರ ಸೊನ್ನೆ. ಬರೆಯುವ ಮಧ್ಯದಲ್ಲಿ ವಿದ್ಯುತ್ ಹೋದರೆ ಹೀಗೆ ಫೈಲ್ ಖಾಲಿಯಾಗಿ ಉಳಿಯುವುದುಂಟು. ಪೆನ್ ಡ್ರೈವ್ ತೆರೆದೆ. ನಿನ್ನೆಯವರೆಗಿನ ಪ್ರತಿ ಸಾಲೂ ಅಲ್ಲಿತ್ತು. -ಎಸ್ ಎಂಬ ಎರಡು ಗುರುತುಗಳು ಅಲ್ಲಿ ಇಲ್ಲದಿದ್ದರೆ ಸಿಪಿ ತನ್ನ ಕೆಲಸ ತಾನು ಮಾಡಿ, ಒಳ್ಳೆಯ ನಕಲಿನ ಮೇಲೆ ಖಾಲಿ ಪುಸ್ತಕವನ್ನು ಇಟ್ಟುಬಿಡುತ್ತಿತ್ತು, ಮೇಲಿಂದ ‘ನಕಲು ಆಯಿತು’ ಎಂದೂ ಹೇಳುತ್ತಿತ್ತು. ಆ ದಿನದ 27 ಚೀಟಿಗಳು ಇನ್ನೂ ತಂತಿಯಲ್ಲಿ ಚುಚ್ಚಿಕೊಂಡೇ ಇದ್ದವು. ಅವನ್ನು ಒಂದೊಂದಾಗಿ ತೆಗೆದು ಮತ್ತೆ ಬರೆದೆವು. ಉಪ್ಪ ಓದಿದರು, ನಾನು ಟೈಪ್ ಮಾಡಿದೆ.

ಬರೆದು ಮುಗಿದ ಮೇಲೆ ಉಪ್ಪ ಕೇಳಿದರು, “ಖಾಲಿ ಇದೆ ಎಂದು ಅದಕ್ಕೆ ಹೇಗೆ ಗೊತ್ತಾಯಿತು?”

“ಅದಕ್ಕೆ ಗೊತ್ತಾಗಲಿಲ್ಲ ಉಪ್ಪ, ಕೇಳಬೇಕು ಎಂದು ಬರೆದಿಟ್ಟಿದ್ದೆ” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಖಾಲಿ ಇಲ್ಲ, ಆದರೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರ ಲೆಕ್ಕ ಬರೆದುಹೋಗಿದೆ ಎಂದುಕೊ. ಅದನ್ನು ಕೇಳುತ್ತದೆಯೇ?” ಎಂದರು.

ಇಲ್ಲ, ಕೇಳುವುದಿಲ್ಲ. ನಮ್ಮ ಉಪನ್ಯಾಸಕರು ತರಗತಿಯಲ್ಲಿ ಕೇಳಬಹುದಾದ ಎಲ್ಲ ಪ್ರಶ್ನೆಗಳಿಗಿಂತ ಇದು ಒಳ್ಳೆಯ ಪ್ರಶ್ನೆ ಎಂದು ನನಗೆ ಅನಿಸಿತು. -ಎಸ್ ಎಂಬುದು ಪುಸ್ತಕ ಖಾಲಿಯಿಲ್ಲ ಎಂದು ಹೇಳಬಲ್ಲದು, ಸರಿಯಿದೆ ಎಂದು ಹೇಳಲಾರದು. -ಜಿಇ ಸಾಲುಗಳು ಕಡಿಮೆಯಾಗಿಲ್ಲ ಎನ್ನಬಲ್ಲದು, ಸಾಲಿನೊಳಗಿನ ಹೆಸರು ನಿಜವೇ ಎನ್ನಲಾರದು. ಅಷ್ಟೇ ಅಲ್ಲ, ಟೆಸ್ಟ್ ಹೇಳುವುದು ಕೇಳಿದ ಆ ಕ್ಷಣದ ಮಾತು ಮಾತ್ರ. ‘ಪೆನ್ ಡ್ರೈವ್ ಇದೆ’ ಎಂದ ಮರುಕ್ಷಣವೇ ಯಾರಾದರೂ ಅದನ್ನು ಎಳೆದರೆ ಆ ಉತ್ತರಕ್ಕೆ ಬೆಲೆಯಿಲ್ಲ. ಅದಕ್ಕಾಗಿಯೇ ನನ್ನ ಸ್ಕ್ರಿಪ್ಟ್ ನಕಲಿನ ನಂತರವೂ ಸಿಪಿ ಬಿಟ್ಟುಹೋದ ಸಂಖ್ಯೆ 0 ಹೌದೇ ಎಂದು ನೋಡಿದ ಮೇಲೆಯೇ ‘ನಕಲು ಆಯಿತು’ ಎನ್ನುತ್ತದೆ. ಅಂದಿನಿಂದ ಏಳು ದಿನಗಳ ನಕಲುಗಳನ್ನು ಬೇರೆ ಬೇರೆ ಹೆಸರಿನಲ್ಲಿ ಇಡುವಂತೆಯೂ ಮಾಡಿದ್ದೇನೆ. ಒಂದು ದಿನ ತಪ್ಪು ಸೇರಿಕೊಂಡರೂ ಹಿಂದಿನ ದಿನಕ್ಕೆ ಹೋಗಿ ನೋಡಬಹುದು.

ಹೆಸರು ಅದಲುಬದಲಾದ ವಿಷಯಕ್ಕೆ ಉಪ್ಪನ ಹತ್ತಿರ ಹಳೆಯ ಉಪಾಯವಿದೆ. ತಿಂಗಳಿಗೊಮ್ಮೆ ಪ್ರತಿಯೊಬ್ಬರಿಗೂ ಅವರ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. “ಸರಿಯೇ?” ಎಂದು ಕೇಳುತ್ತಾರೆ. ಅವರು ಸರಿ ಎಂದ ಮೇಲೆಯೇ ಹಣದ ಮಾತು. ಅದನ್ನು ಯಾವ ಬ್ರ್ಯಾಕೆಟ್‌ನೊಳಗೂ ಬರೆಯಲು ಬರುವುದಿಲ್ಲ. ಯಂತ್ರ ಕೇಳಬಲ್ಲ ಪ್ರಶ್ನೆಗಳನ್ನು ಯಂತ್ರಕ್ಕೆ ಬರೆದುಕೊಟ್ಟರೆ, ಉಳಿದವನ್ನು ಕೇಳಲು ನಮಗೆ ಸಮಯ ಸಿಗುತ್ತದೆ.

ಓದಿದವರಲ್ಲಿ ಯಾರಿಗಾದರೂ ಆಸಕ್ತಿ ಬಂದಿದ್ದರೆ, ಲಿನಕ್ಸ್ ಇರುವ ಯಾವುದೇ ಯಂತ್ರದಲ್ಲಿ ಟರ್ಮಿನಲ್ ತೆರೆಯಿರಿ. ಬೆಲೆಯುಳ್ಳ ಫೈಲುಗಳಿಲ್ಲದ ಒಂದು ಹೊಸ ಫೋಲ್ಡರ್ ಮಾಡಿಕೊಳ್ಳಿ. [ 50 = 050 ] ಎಂದು ಬರೆದು ಎಂಟರ್ ಒತ್ತಿ. ಪರದೆಯಲ್ಲಿ ಏನೂ ಕಾಣುವುದಿಲ್ಲ. ಟೆಸ್ಟ್ ಮಾತಾಡುವುದಿಲ್ಲ, ಸಂಖ್ಯೆ ಬಿಟ್ಟುಹೋಗುತ್ತದೆ, ಅಷ್ಟೇ. ಮುಂದಿನ ಸಾಲಿನಲ್ಲಿ ಎಕೋ ಎಂಬ ಆದೇಶದ ಪಕ್ಕ ಜಾಗ ಬಿಟ್ಟು $? ಎಂದು ಬರೆದರೆ ಆ ಸಂಖ್ಯೆ ಕಾಣಿಸುತ್ತದೆ. 1 ಬಂದರೆ ಸರಿಯಾಗಿ ಮಾಡಿದ್ದೀರಿ. ನಂತರ [ 9 > 10 ] ಮಾಡಿ, ಫೋಲ್ಡರ್‌ನಲ್ಲಿ ಹುಟ್ಟಿದ ಫೈಲನ್ನು ನೋಡಿ. ಕೊನೆಗೆ ಸಂಖ್ಯೆಯ ಜಾಗದಲ್ಲಿ ನಿಮ್ಮ ಹೆಸರು ಬರೆದು -ಇಕ್ಯೂ ಬಳಸಿ, 2 ಬರುತ್ತದೆಯೇ ನೋಡಿ. ಇಷ್ಟಕ್ಕೆ ಹತ್ತು ನಿಮಿಷ ಬೇಕಾಗುವುದಿಲ್ಲ.

ಆಮೇಲೆ, ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಕಳೆದುಹೋಗಬಾರದ ಒಂದು ಫೈಲ್ ಯಾವುದು ಎಂದು ಯೋಚಿಸಿ. ಅಣ್ಣನ ವೀಸಾ ಕಾಗದಗಳಿರಬಹುದು, ಅಜ್ಜಿಯ ಫೋಟೊಗಳಿರಬಹುದು, ನಿಮ್ಮದೇ ಪ್ರಾಜೆಕ್ಟ್ ಇರಬಹುದು. ಅದರ ಮೇಲೆ ಇನ್ನೊಂದನ್ನು ಬರೆಯುವ ಮೊದಲು ಏನೇನು ಕೇಳಬೇಕು ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದುಕೊಳ್ಳಿ. ಆ ಪ್ರಶ್ನೆಗಳಿಗೆ ತಕ್ಕ ಆಪರೇಟರ್ ಯಾವುದು ಎಂದು ಹುಡುಕುವುದು ಆಮೇಲಿನ ಸುಲಭದ ಕೆಲಸ.